ಬರ್ಗ್ ಬ್ಯಾಲೆನ್ಸ್ ಸ್ಕೇಲ್: ಆ 56 ಅಂಕಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪಾರ್ಶ್ವವಾಯುವಿನಿಂದ ಒಂದು ಪಕ್ಕ ಸೋತವರನ್ನು, ತಲೆಗೆ ಪೆಟ್ಟು ಬಿದ್ದು ಚೇತರಿಸಿಕೊಳ್ಳುತ್ತಿರುವವರನ್ನು, ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ಕುಗ್ಗಿದವರನ್ನು ಮತ್ತೆ ತಮ್ಮ ಕಾಲ ಮೇಲೆ ನಿಲ್ಲಿಸುವ ಕೆಲಸದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಈ ಅವಧಿಯಲ್ಲಿ ನಾನು ಅತಿ ಹೆಚ್ಚು ಬಾರಿ ಕೈಗೆತ್ತಿಕೊಂಡ ಸಾಧನವೆಂದರೆ ಬರ್ಗ್ ಬ್ಯಾಲೆನ್ಸ್ ಸ್ಕೇಲ್. ಅದು ಯಂತ್ರವಲ್ಲ, ಮೈಯ ಸಮತೋಲನವನ್ನು ಅಳೆಯುವ, ಕೆಲವೇ ಪುಟಗಳ ಒಂದು ಅಂಕಪಟ್ಟಿ. ಆದರೂ ರೋಗಿಗೆ ವಾಕರ್ ಇನ್ನೂ ಬೇಕೆ, ಒಬ್ಬರೇ ಶೌಚಾಲಯಕ್ಕೆ ಹೋಗಬಹುದೆ, ಮನೆಗೆ ಕಳಿಸಬಹುದೆ ಎಂಬ ಪ್ರಶ್ನೆಗಳು ಎದ್ದಾಗಲೆಲ್ಲ ಎಲ್ಲರೂ ಮೊದಲು ಕೇಳುವುದು ಅದರ ಅಂಕವನ್ನೇ. ಇಷ್ಟು ದೊಡ್ಡ ನಿರ್ಧಾರಗಳ ಭಾರ ಹೊತ್ತಿರುವ ಸಾಧನ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಳಸುವವರೇ ಬಿಡಿಸಿ ಹೇಳಬೇಕು ಎನ್ನಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಕೆನಡಾದ ಫಿಸಿಯೋಥೆರಪಿಸ್ಟ್ ಕ್ಯಾಥರೀನ್ ಬರ್ಗ್ ಮತ್ತು ಅವರ ಸಂಗಡಿಗರು 1989ರಲ್ಲಿ ಇದನ್ನು ಪ್ರಕಟಿಸಿದರು. ಮೊದಲು ಇದನ್ನು ರೂಪಿಸಿದ್ದು ವಯಸ್ಸಾದವರಿಗಾಗಿ. ಬಲುಬೇಗ ಇದು ಪಾರ್ಶ್ವವಾಯು ರೋಗಿಗಳ ವಿಭಾಗಗಳಿಗೂ ಬಂತು, ಅಲ್ಲಿಂದ ಪುನಶ್ಚೇತನದ ಹೆಚ್ಚುಕಡಿಮೆ ಎಲ್ಲ ಮೂಲೆಗಳಿಗೂ ಹಬ್ಬಿತು. ಇದರಲ್ಲಿ ಇರುವುದು 14 ಕೆಲಸಗಳು: ಕುರ್ಚಿಯಿಂದ ಏಳುವುದು, ಆಸರೆಯಿಲ್ಲದೆ 2 ನಿಮಿಷ ನಿಲ್ಲುವುದು, ಕಣ್ಣು ಮುಚ್ಚಿ 10 ಸೆಕೆಂಡು ನಿಲ್ಲುವುದು, ನೆಲದ ಮೇಲಿನ ಚಪ್ಪಲಿಯನ್ನು ಬಗ್ಗಿ ಎತ್ತುವುದು, ಸುತ್ತ ಒಂದು ಪೂರ್ತಿ ಸುತ್ತು ತಿರುಗುವುದು, ಕೊನೆಗೆ ಒಂಟಿಕಾಲಲ್ಲಿ ನಿಲ್ಲುವುದು, ಹೀಗೆ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 56. ಕೈಯುಳ್ಳದ್ದೊಂದು, ಕೈಯಿಲ್ಲದ್ದೊಂದು ಎರಡು ಕುರ್ಚಿ, ಒಂದು ಸ್ಟೂಲು, ಒಂದು ಅಳತೆಪಟ್ಟಿ, ಒಂದು ಸ್ಟಾಪ್‌ವಾಚ್ ಇದ್ದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇದರ ಹಿರಿಮೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ನಿಜವಾದ ಹಿರಿಮೆ. ಎದ್ದು ನಿಲ್ಲಲೂ ಆಗದ ರೋಗಿಯಿಂದ ಹಿಡಿದು ಊರುಗೋಲು ಬಿಟ್ಟು ನಡೆಯುವ ರೋಗಿಯವರೆಗೆ ಒಂದೇ ಪಟ್ಟಿಯಲ್ಲಿ ಅಳೆಯಬಹುದು. ಕೆಲಸಗಳೆಲ್ಲ ದಿನನಿತ್ಯದವು, ಆದ್ದರಿಂದ ಮಾತು ಕಳೆದುಕೊಂಡ ರೋಗಿಗೂ ಒಮ್ಮೆ ಮಾಡಿ ತೋರಿಸಿದರೆ ಅರ್ಥವಾಗುತ್ತದೆ. ಒಬ್ಬನೇ ರೋಗಿಯನ್ನು ಇಬ್ಬರು ಚಿಕಿತ್ಸಕರು ನೋಡಿ ಅಂಕ ಕೊಟ್ಟಾಗ ಎಷ್ಟು ಹೊಂದುತ್ತದೆ ಎಂದು ಪರೀಕ್ಷಿಸಿದ ಅಧ್ಯಯನಗಳು ಒಂದೆರಡಲ್ಲ. 2013ರಲ್ಲಿ ಅವುಗಳನ್ನೆಲ್ಲ ಒಟ್ಟುಗೂಡಿಸಿದ ಒಂದು ಪರಾಮರ್ಶೆಯಲ್ಲಿ ಈ ಹೊಂದಾಣಿಕೆಯ ಸೂಚ್ಯಂಕ 0.97ರ ಆಸುಪಾಸಿನಲ್ಲಿತ್ತು. 1 ಬಂದರೆ ಪರಿಪೂರ್ಣ ಹೊಂದಾಣಿಕೆ ಎಂದು ಲೆಕ್ಕ. ಕೈಯಲ್ಲಿ ಪೆನ್ನು ಹಿಡಿದು ಕಣ್ಣಂದಾಜಿನಲ್ಲಿ ಅಂಕ ಕೊಡುವ ಒಂದು ಪರೀಕ್ಷೆಗೆ ಇದು ಸಣ್ಣ ಸಾಧನೆಯಲ್ಲ.

ತೊಡಕು ಶುರುವಾಗುವುದು ಇದೇ ಸಂಖ್ಯೆಯಿಂದ. 0.97 ಎಂಬುದನ್ನು ಓದಿದವರು, ಹಾಗಿದ್ದರೆ ಅಂಕ 43ರಿಂದ 47ಕ್ಕೆ ಏರಿದಾಗ ರೋಗಿ ನಿಜವಾಗಿಯೂ 4 ಅಂಕದಷ್ಟು ಸುಧಾರಿಸಿದ್ದಾನೆ ಎಂದು ನಂಬಿಬಿಡುತ್ತೇವೆ. ನಾನೂ ಹಾಗೆ ನಂಬಿದ್ದೆ. ಆ ನಂಬಿಕೆ ತಪ್ಪೆಂದು ನನಗೆ ಕಲಿಸಿದ್ದು ಬಲಪಕ್ಕ ಸೋತ ಒಬ್ಬ ಮಧ್ಯವಯಸ್ಕ ರೋಗಿ.

ನಾನು ಅಳೆದಾಗ ಅವರ ಅಂಕ 43. ಹತ್ತು ದಿನಗಳ ನಂತರ, ಅವರು ಇನ್ನೊಂದು ವಿಭಾಗಕ್ಕೆ ಹೋದ ಮೇಲೆ, ಅಲ್ಲಿನ ಸಹೋದ್ಯೋಗಿ ಅಳೆದಾಗ 47. 45ನ್ನು ದಾಟಿದವರಿಗೆ ಬೀಳುವ ಅಪಾಯ ಕಡಿಮೆ ಎಂಬ ಹಳೆಯ ಗಡಿ ನಮ್ಮೆಲ್ಲರ ತಲೆಯಲ್ಲಿ ಕೂತಿತ್ತು. ವಾಕರ್ ತೆಗೆಸಿದೆವು. ನಾಲ್ಕನೆಯ ದಿನ ಸ್ನಾನದ ಮನೆಯ ಬಾಗಿಲಲ್ಲಿ ಹಿಂದಕ್ಕೆ ವಾಲಿ ಅವರು ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಅಲ್ಲಿಂದ ಮುಂದೆ ಎರಡು ವಾರ ಅವರು ಗೋಡೆಯಿಂದ ಕೈ ತೆಗೆಯಲು ಒಪ್ಪಲಿಲ್ಲ. ಆಮೇಲೆ ನಾವಿಬ್ಬರೂ ನಮ್ಮ ನಮ್ಮ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದೆವು. ಹನ್ನೆರಡು ಸಾಲುಗಳಲ್ಲಿ ಒಂದು ಅಂಕದ ವ್ಯತ್ಯಾಸವೂ ಇರಲಿಲ್ಲ. ಎರಡು ಸಾಲುಗಳಲ್ಲಿ ಮಾತ್ರ ಇತ್ತು, ನಾಲ್ಕಕ್ಕೆ ನಾಲ್ಕೂ ಅಂಕ ಅಲ್ಲಿಂದಲೇ ಬಂದಿದ್ದವು.

ಮೊದಲನೆಯದು ಒಂಟಿಕಾಲಿನ ನಿಲುವು. ನಾನು ಅವರನ್ನು ಸೋತ ಕಾಲಿನ ಮೇಲೆ ನಿಲ್ಲಿಸಿದ್ದೆ. ಪ್ರಯತ್ನಪಟ್ಟರೂ 3 ಸೆಕೆಂಡು ನಿಲ್ಲಲಾಗಲಿಲ್ಲ, ಹಾಗಾಗಿ 1 ಅಂಕ. ಸಹೋದ್ಯೋಗಿ ಕಾಲಿನ ಆಯ್ಕೆಯನ್ನು ರೋಗಿಗೇ ಬಿಟ್ಟಿದ್ದರು. ಅವರು ಸಹಜವಾಗಿಯೇ ಗಟ್ಟಿಯಾದ ಎಡಗಾಲನ್ನು ಆರಿಸಿಕೊಂಡು 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರು, 4 ಅಂಕ ಬಂತು. ಇಲ್ಲಿ ನಿಯಮದ ಪ್ರಕಾರ ಸರಿಯಿದ್ದದ್ದು ಸಹೋದ್ಯೋಗಿಯೇ, ನಾನಲ್ಲ. ಯಾವ ಕಾಲಲ್ಲಿ ನಿಲ್ಲಬೇಕು, ಎಷ್ಟು ದೂರ ಕೈಚಾಚಬೇಕು ಎಂಬ ಆಯ್ಕೆ ರೋಗಿಯದು ಎಂದು ಮೂಲ ಸೂಚನೆಯಲ್ಲಿಯೇ ಇದೆ. ಎರಡನೆಯದು ಕುರ್ಚಿಯಿಂದ ಏಳುವ ಕೆಲಸ. ಕೈ ಊರದೆ ಎದ್ದರೆ 4, ಕೈ ಊರಿ ತಾವಾಗಿಯೇ ಎದ್ದರೆ 3. ನಮ್ಮ ಕುರ್ಚಿ ತಗ್ಗು, ಅವರದು ಎತ್ತರ. ಕುರ್ಚಿ ಎಷ್ಟು ಎತ್ತರವಿರಬೇಕು ಎಂಬುದಕ್ಕೆ ಸೂಚನೆ ಹೇಳುವುದು ಅದು ಸಮಂಜಸವಾಗಿರಬೇಕು ಎಂದಷ್ಟೇ, ಅಳತೆ ಕೊಟ್ಟಿಲ್ಲ. ಹೀಗೆ ಒಂದು ಕಾಲು ಮತ್ತು ಒಂದು ಕುರ್ಚಿ ಸೇರಿ ನಮಗೆ ಸುಧಾರಣೆಯಾಗಿ ಕಂಡವು.

ಅಂದಮೇಲೆ 0.97 ಸುಳ್ಳೆ? ಸುಳ್ಳಲ್ಲ, ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಒಂದು ಅಧ್ಯಯನದಲ್ಲಿ 8 ಅಂಕದ ರೋಗಿಯೂ ಇರುತ್ತಾರೆ, 54 ಅಂಕದವರೂ ಇರುತ್ತಾರೆ. ಇಬ್ಬರು ಚಿಕಿತ್ಸಕರ ನಡುವೆ ಪ್ರತಿ ರೋಗಿಯ ಮೇಲೂ ಎರಡು ಮೂರು ಅಂಕದ ಏರುಪೇರಾದರೂ ಯಾರು ಮೇಲೆ, ಯಾರು ಕೆಳಗೆ ಎಂಬ ಕ್ರಮ ಹೆಚ್ಚಾಗಿ ಕೆಡುವುದಿಲ್ಲ. ರೋಗಿಗಳ ನಡುವಿನ ಅಂತರವೇ ಅಷ್ಟು ದೊಡ್ಡದಾಗಿರುವಾಗ ಅಳೆಯುವವರ ತಪ್ಪು ಅದರ ಮುಂದೆ ಚಿಕ್ಕದಾಗಿ ಕಾಣುತ್ತದೆ, ಸೂಚ್ಯಂಕ 1ರ ಹತ್ತಿರ ಬಂದು ನಿಲ್ಲುತ್ತದೆ. ಆದರೆ ನಮ್ಮ ಎದುರಿಗಿರುವುದು ಒಬ್ಬರೇ ರೋಗಿ, ನಮಗೆ ಬೇಕಾದದ್ದು ಅವರ ಹೋದ ವಾರದ ಮತ್ತು ಈ ವಾರದ ಅಂಕಗಳ ನಡುವಿನ ವ್ಯತ್ಯಾಸ. ಅದಕ್ಕೆ ಬೇರೆಯೇ ಲೆಕ್ಕ ಬೇಕು. ಉದಾಹರಣೆಗೆ ಒಂದು ಗುಂಪಿನಲ್ಲಿ ಅಂಕಗಳ ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 10 ಎಂದೂ ಹೊಂದಾಣಿಕೆಯ ಸೂಚ್ಯಂಕ 0.95 ಎಂದೂ ಇಟ್ಟುಕೊಳ್ಳೋಣ. 1ರಿಂದ 0.95 ಕಳೆದು, ಉಳಿದದ್ದರ ವರ್ಗಮೂಲ ತೆಗೆದು 10ರಿಂದ ಗುಣಿಸಿದರೆ ಒಂದು ಅಳತೆಯ ಪ್ರಮಾಣಿತ ದೋಷ ಸುಮಾರು 2.2 ಅಂಕ. ನಾವು ಅಳೆಯುವುದು ಎರಡು ಸಲ, ಎರಡರಲ್ಲೂ ದೋಷವಿದೆ, ಆದ್ದರಿಂದ ಅದನ್ನು 2ರ ವರ್ಗಮೂಲದಿಂದಲೂ, ಶೇಕಡಾ 95 ಖಾತ್ರಿಗಾಗಿ 1.96ರಿಂದಲೂ ಗುಣಿಸಬೇಕು. ಬರುವ ಉತ್ತರ 6.2. ಅಂದರೆ 0.95 ಎಂಬ ಹೊಳೆಯುವ ಸಂಖ್ಯೆಯ ಕೆಳಗೆ, 6 ಅಂಕದವರೆಗಿನ ಏರಿಳಿತ ಬರೀ ಅಳತೆಯ ಕಂಪನವಾಗಿರಬಹುದು ಎಂಬ ಸಂಗತಿ ಅಡಗಿರುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. 2009ರಲ್ಲಿ ವಯಸ್ಸಾದವರ ಮೇಲೆ ನಡೆದು ಪ್ರಕಟವಾದ ಅಧ್ಯಯನವೊಂದು, ನಿಜವಾದ ಬದಲಾವಣೆ ಎನ್ನಲು ಎಷ್ಟು ಅಂಕ ಬೇಕು ಎಂಬುದು ರೋಗಿ ಎಲ್ಲಿಂದ ಶುರುಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ ಎಂದು ತೋರಿಸಿತು: ಆರಂಭದ ಅಂಕ 45ರಿಂದ 56ರ ನಡುವಿದ್ದರೆ 4, 35ರಿಂದ 44 ಇದ್ದರೆ 5, 25ರಿಂದ 34 ಇದ್ದರೆ 7, ಅದಕ್ಕೂ ಕೆಳಗಿದ್ದರೆ 5. ನಮ್ಮ ರೋಗಿ ಶುರುಮಾಡಿದ್ದು 43ರಿಂದ. 4 ಅಂಕದ ಏರಿಕೆಯನ್ನು ನಾವು ಏರಿಕೆ ಎಂದು ಕರೆಯಲೇಬಾರದಿತ್ತು. ಈ ನಾಲ್ಕು ಸಂಖ್ಯೆಗಳನ್ನು ಅಂಕಪಟ್ಟಿಯ ತಲೆಯ ಮೇಲೆಯೇ ಅಚ್ಚು ಹಾಕಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಳಸುತ್ತ ಬಳಸುತ್ತ ನನಗೆ ಕಂಡ ಇನ್ನೊಂದು ದುರ್ಬಲ ಜಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಲವು ಸಾಲುಗಳಲ್ಲಿ 4ಕ್ಕೂ 3ಕ್ಕೂ ಇರುವ ವ್ಯತ್ಯಾಸ, ಕೆಲಸವನ್ನು ರೋಗಿ ತಾವಾಗಿ ಸುರಕ್ಷಿತವಾಗಿ ಮಾಡಿದರೋ ಅಥವಾ ಮೇಲ್ವಿಚಾರಣೆಯಲ್ಲಿ ಮಾಡಿದರೋ ಎಂಬುದು. ಮೇಲ್ವಿಚಾರಣೆ ಬೇಕಿತ್ತೇ ಎಂದು ತೀರ್ಮಾನಿಸುವವರು ನಾವೇ. ಎರಡು ವಾರದ ಹಿಂದೆ ತನ್ನ ಕೈಯಿಂದ ರೋಗಿಯೊಬ್ಬರು ಜಾರಿ ಬಿದ್ದದ್ದನ್ನು ಕಂಡ ಕಿರಿಯ ಚಿಕಿತ್ಸಕಿ ಅರ್ಧ ಅಡಿ ದೂರದಲ್ಲಿ ಎರಡೂ ಕೈ ಚಾಚಿ ನಿಲ್ಲುತ್ತಾಳೆ, 3 ಎಂದು ಬರೆಯುತ್ತಾಳೆ. ಅದೇ ರೋಗಿಯನ್ನು ಬಲ್ಲ ಹಿರಿಯರು ಎರಡು ಹೆಜ್ಜೆ ಹಿಂದೆ ನಿಂತು 4 ಬರೆಯುತ್ತಾರೆ. ರೋಗಿಯ ಮೈಯಲ್ಲಿ ಏನೂ ಬದಲಾಗಿರುವುದಿಲ್ಲ, ಅಳೆಯುವವರ ಅಂಜಿಕೆ ಅಂಕವಾಗಿ ಹಾಳೆಯ ಮೇಲೆ ಇಳಿದಿರುತ್ತದೆ. ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು ವಿಡಿಯೋ. ಒಬ್ಬ ರೋಗಿಯ ಪೂರ್ತಿ ಪರೀಕ್ಷೆಯನ್ನು ಅವರ ಒಪ್ಪಿಗೆ ಪಡೆದು ಚಿತ್ರೀಕರಿಸಿ, ತಂಡದ ಎಲ್ಲರೂ ಬೇರೆ ಬೇರೆ ಕೂತು ಅಂಕ ಕೊಟ್ಟು, ಆಮೇಲೆ ಹೊಂದದ ಸಾಲುಗಳನ್ನು ಮಾತ್ರ ಚರ್ಚಿಸುವುದು. ಇದನ್ನು ಆರು ತಿಂಗಳಿಗೊಮ್ಮೆಯಾದರೂ ಮಾಡದ ತಂಡದ ಅಂಕಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೋಲಿಸುವುದು ಕಷ್ಟ.

ಮುಂದಕ್ಕೆ ಕೈಚಾಚುವ ಸಾಲಿನಲ್ಲಿಯೂ ಇಂಥದೇ ಸೂಕ್ಷ್ಮವಿದೆ. ತೋಳನ್ನು ಭುಜದ ಮಟ್ಟಕ್ಕೆ ಎತ್ತಿಸಿ, ಬೆರಳ ತುದಿಗೆ ಅಳತೆಪಟ್ಟಿ ಹಿಡಿದು, ಹೆಜ್ಜೆ ಕದಲಿಸದೆ ಎಷ್ಟು ಮುಂದಕ್ಕೆ ಹೋಗುತ್ತಾರೆಂದು ನೋಡಬೇಕು. 25 ಸೆಂಟಿಮೀಟರಿಗೆ 4 ಅಂಕ, 12ಕ್ಕೆ 3, 5ಕ್ಕೆ 2. ಒಂದೇ ಕೈ ಚಾಚಿಸಿದರೆ ರೋಗಿ ಸೊಂಟದಿಂದ ಬಾಗುವ ಬದಲು ಆ ಭುಜವನ್ನಷ್ಟೇ ಮುಂದಕ್ಕೆ ತಿರುಗಿಸುತ್ತಾರೆ. ಭಾರ ಹಿಮ್ಮಡಿಯಿಂದ ಬೆರಳಿನ ಕಡೆಗೆ ಒಂದಿಷ್ಟೂ ಸರಿಯದೆ ಬೆರಳ ತುದಿ ಹಲವು ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಆದ್ದರಿಂದಲೇ ಸಾಧ್ಯವಾದಾಗ ಎರಡೂ ಕೈ ಚಾಚಿಸಿ ಎನ್ನುತ್ತದೆ ಸೂಚನೆ. ಒಂದು ಪಕ್ಕ ಸೋತವರಲ್ಲಿ ಅದು ಸಾಧ್ಯವಾಗುವುದೇ ಅಪರೂಪ. ಅಂಥವರಲ್ಲಿ ನಾನು ಅಳತೆಪಟ್ಟಿಗಿಂತ ಹೆಚ್ಚಾಗಿ ಅವರ ಹಿಮ್ಮಡಿಯನ್ನು ನೋಡುತ್ತೇನೆ.

ಇನ್ನು ಈ ಮಾಪಕ ಮುಟ್ಟದೇ ಹೋಗುವ ಸಂಗತಿ. ಅದರ 14 ಕೆಲಸಗಳಲ್ಲೂ ರೋಗಿ ತಾನಾಗಿ ಮಾಡುವ, ಮೊದಲೇ ತಿಳಿದ ಚಲನೆಗಳೇ ಇವೆ. ಹಿಂದಿನಿಂದ ಯಾರೋ ತಾಗಿದಾಗ, ಕಾಲಡಿಯ ಚಾಪೆ ಸರಿದಾಗ, ಮೈ ತಾನಾಗಿ ಒಂದು ಹೆಜ್ಜೆ ಇಟ್ಟು ಸಾವರಿಸಿಕೊಳ್ಳುತ್ತದೆಯೇ ಎಂಬುದನ್ನು ಅದು ಕೇಳುವುದೇ ಇಲ್ಲ. ನಡಿಗೆಯನ್ನೂ ನೋಡುವುದಿಲ್ಲ. ಚೆನ್ನಾಗಿ ನಡೆಯುವ ರೋಗಿಗಳು 52, 54 ತಲುಪಿ ಅಲ್ಲೇ ನಿಂತುಬಿಡುತ್ತಾರೆ, ಅವರಲ್ಲಿ ಉಳಿದಿರುವ ತೊಂದರೆಯನ್ನು ತೋರಿಸಲು ಪಟ್ಟಿಯಲ್ಲಿ ಜಾಗವೇ ಉಳಿದಿರುವುದಿಲ್ಲ. 45ರ ಗಡಿಯ ಮೇಲೆ ನಾನು ಭರವಸೆ ಕಳೆದುಕೊಂಡದ್ದಕ್ಕೂ ಇದು ಒಂದು ಕಾರಣ. ಗಡಿಯ ಮೇಲಿದ್ದವರೂ ಬೀಳುತ್ತಾರೆ, ಕೆಳಗಿದ್ದವರಲ್ಲಿ ಅನೇಕರು ತಮ್ಮ ಮಿತಿಯನ್ನು ಅರಿತು ಎಚ್ಚರದಿಂದ ನಡೆದು ಬೀಳದೇ ಇರುತ್ತಾರೆ. ಅಂಕ ಕೆಳಗಿಳಿದಷ್ಟೂ ಅಪಾಯ ಏರುತ್ತದೆ ಎಂಬುದು ನಿಜ, ಆದರೆ ಒಂದೇ ಗೆರೆ ಎಳೆದು ಈಚೆ ಸುರಕ್ಷಿತ, ಆಚೆ ಅಪಾಯ ಎನ್ನುವುದು ಈ ಮಾಪಕದಿಂದ ಆಗದ ಕೆಲಸ.

ಈ ಕೊರತೆಯನ್ನು ತುಂಬಲು ನಾನು ಈಗ ಜೊತೆಗೆ ಬಳಸುವುದು ಮಿನಿ-ಬೆಸ್ಟೆಸ್ಟ್ ಎಂಬ ಇನ್ನೊಂದು ಸಮತೋಲನ ಪರೀಕ್ಷೆ. 2009ರಲ್ಲಿ ಫೇ ಹೊರಾಕ್ ಮತ್ತು ಸಂಗಡಿಗರು ರೂಪಿಸಿದ ದೊಡ್ಡ ಬೆಸ್ಟೆಸ್ಟ್‌ನಿಂದ ಆಯ್ದು 2010ರಲ್ಲಿ ಮಾಡಿದ ಚಿಕ್ಕ ರೂಪ ಅದು. ಅದರಲ್ಲೂ 14 ಕೆಲಸಗಳು, ಆದರೆ ಪ್ರತಿಯೊಂದಕ್ಕೂ 0, 1, 2 ಮಾತ್ರ, ಒಟ್ಟು 28. ಮೆತ್ತನೆಯ ಫೋಮಿನ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ನಡೆಯುತ್ತ ತಲೆ ತಿರುಗಿಸುವುದು, ಮೂರು ಮೀಟರು ನಡೆದು ಬರುತ್ತ ಮೂರು ಮೂರು ಕಳೆದು ಹಿಂದಕ್ಕೆ ಎಣಿಸುವುದು ಇದರಲ್ಲಿವೆ. ನನಗೆ ಅತಿ ಮುಖ್ಯವೆನಿಸಿದ್ದು ಹೆಜ್ಜೆಯ ಪರೀಕ್ಷೆ. ರೋಗಿಯ ಬೆನ್ನಿಗೆ ಎರಡೂ ಅಂಗೈ ಇಟ್ಟು, ಅವರು ತಮ್ಮ ಭಾರವನ್ನು ಹಿಮ್ಮಡಿಯ ಆಚೆಗೂ ನಮ್ಮ ಕೈಗೆ ಒರಗಿಸಿದ ಮೇಲೆ ತಟ್ಟನೆ ಕೈ ತೆಗೆಯಬೇಕು. ಒಂದೇ ದೊಡ್ಡ ಹೆಜ್ಜೆ ಇಟ್ಟು ಸಾವರಿಸಿಕೊಂಡರೆ 2, ಒಂದಕ್ಕಿಂತ ಹೆಚ್ಚು ಹೆಜ್ಜೆ ಬೇಕಾದರೆ 1, ಹೆಜ್ಜೆಯೇ ಬರದಿದ್ದರೆ ಅಥವಾ ನಾವು ಹಿಡಿಯಬೇಕಾಗಿ ಬಂದರೆ 0. ಕೈ ತೆಗೆದ ಆ ಕ್ಷಣದಲ್ಲಿ ಪಾದ ನೆಲಕ್ಕೆ ಅಂಟಿದಂತೆ ಉಳಿದು ಇಡೀ ಮೈ ಮರದ ಹಲಗೆಯಂತೆ ನಮ್ಮ ತೋಳಿಗೆ ಬಂದು ಬೀಳುವುದನ್ನು ಒಮ್ಮೆ ಅನುಭವಿಸಿದವರು ಮತ್ತೆ ಬರ್ಗ್ ಅಂಕ ಒಂದನ್ನೇ ನೋಡಿ ವಾಕರ್ ತೆಗೆಸುವುದಿಲ್ಲ. ಒಂಟಿಕಾಲಿನ ವಿಷಯದಲ್ಲೂ ಇದು ಜಾಣ್ಮೆ ತೋರಿದೆ: ಎರಡೂ ಕಾಲುಗಳನ್ನು ಪರೀಕ್ಷಿಸಿ, ಕಡಿಮೆ ಬಂದ ಪಕ್ಕವನ್ನೇ ಒಟ್ಟು ಅಂಕಕ್ಕೆ ಸೇರಿಸಬೇಕು.

ಸಮತೋಲನದ ತೊಂದರೆಯಿದ್ದ 93 ಮಂದಿಯಲ್ಲಿ ಎರಡೂ ಮಾಪಕಗಳನ್ನು ಹೋಲಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಂಬಬಹುದಾದ ಕನಿಷ್ಠ ಬದಲಾವಣೆ ಬರ್ಗ್‌ಗೆ 6.2 ಅಂಕ, ಮಿನಿ-ಬೆಸ್ಟೆಸ್ಟ್‌ಗೆ 3.5 ಅಂಕ ಎಂದು ಬಂತು. ಒಂದು 56ರಲ್ಲಿ, ಇನ್ನೊಂದು 28ರಲ್ಲಿ ಎಂಬುದನ್ನು ಮರೆಯಬಾರದು. ಪಾಲು ಹಾಕಿ ನೋಡಿದರೆ ಎರಡರ ಕಂಪನ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮಿನಿ-ಬೆಸ್ಟೆಸ್ಟ್ ಹೆಚ್ಚು ನಿಖರ ಎಂದು ನಾನು ಹೇಳುವುದಿಲ್ಲ. ಅದು ಅಳೆಯಬೇಕಾದ ಹೆಚ್ಚಿನದನ್ನು ಅಳೆಯುತ್ತದೆ, ಮೇಲಿನ ಮಟ್ಟದ ರೋಗಿಗಳಿಗೆ ಜಾಗ ಬಿಡುತ್ತದೆ ಎಂದಷ್ಟೇ ಹೇಳುತ್ತೇನೆ. ಇನ್ನೂ ಆಸರೆಯಿಲ್ಲದೆ ನಿಲ್ಲಲಾಗದ ರೋಗಿಗೆ ಅದು ಪ್ರಯೋಜನವಿಲ್ಲ, ಹೆಚ್ಚುಕಡಿಮೆ ಎಲ್ಲ ಸಾಲುಗಳಲ್ಲೂ 0 ಬರುತ್ತದೆ. ಅಲ್ಲಿ ಬರ್ಗ್‌ಗೆ ಸಾಟಿಯಿಲ್ಲ.

ಯಂತ್ರವೊಂದನ್ನು ತಂದರೆ ಈ ತಲೆನೋವೇ ಇರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕಾಲಡಿಯ ಒತ್ತಡದ ಕೇಂದ್ರ ಎಷ್ಟು ಓಲಾಡುತ್ತದೆ ಎಂದು ಫೋರ್ಸ್ ಪ್ಲೇಟ್, ಅಂದರೆ ರೋಗಿ ಮೇಲೆ ನಿಲ್ಲುವ ಅಳತೆಯ ಹಲಗೆ, ಮಿಲಿಮೀಟರಿನಲ್ಲಿ ಹೇಳುತ್ತದೆ, ಅದರಲ್ಲಿ ಅಂಜಿಕೆಯ ಅಂಕ ಸೇರುವುದಿಲ್ಲ. ಆದರೆ ಪಾದ ಇಡುವ ಅಂತರ, ನೋಟ ನೆಟ್ಟ ಜಾಗ, ನಿಂತ ಅವಧಿ ಒಂದಿಷ್ಟು ಬದಲಾದರೂ ಅದರ ಸಂಖ್ಯೆಗಳು ಬದಲಾಗುತ್ತವೆ, ಒಂದೇ ಸಲದ ಅಳತೆಯನ್ನು ನಂಬುವಂತಿಲ್ಲ, ಹಲವು ಸಲ ನಿಲ್ಲಿಸಿ ಸರಾಸರಿ ತೆಗೆಯಬೇಕು. ಅದಕ್ಕಿಂತ ಮುಖ್ಯವಾಗಿ, ಓಲಾಟ ಕಡಿಮೆಯಿದ್ದರೆ ಸಮತೋಲನ ಚೆನ್ನಾಗಿದೆ ಎಂದಲ್ಲ. ಮೈ ಬಿಗಿದುಕೊಂಡ ಪಾರ್ಕಿನ್ಸನ್ ರೋಗಿ ಕಂಬದಂತೆ ಅಲುಗದೆ ನಿಂತಿರಬಹುದು, ಒಂದು ಸಣ್ಣ ತಳ್ಳಿಗೆ ಉರುಳಬಹುದು.

ಯಾವ ಮಾಪಕ ಬಳಸಿದರೂ ಎರಡನೆಯ ಸಲ ಅಳೆಯುವಾಗ ಮೊದಲ ಸಲದ ಪರಿಸ್ಥಿತಿಯನ್ನು ಮತ್ತೆ ಕಟ್ಟಬೇಕು. ನನ್ನ ಹಾಳೆಯ ಮೇಲ್ಭಾಗದಲ್ಲಿ ಈಗ ಕೆಲವು ಖಾಲಿ ಜಾಗಗಳಿವೆ: ಕುರ್ಚಿಯ ಸೀಟಿನ ಎತ್ತರ ಸೆಂಟಿಮೀಟರಿನಲ್ಲಿ, ಸ್ಟೂಲಿನ ಎತ್ತರ, ಬರಿಗಾಲೋ ಪಾದರಕ್ಷೆಯೋ, ಕಣಕಾಲಿನ ಪಟ್ಟಿ ಹಾಕಿತ್ತೋ ಇಲ್ಲವೋ, ದಿನದ ಎಷ್ಟು ಗಂಟೆ, ವ್ಯಾಯಾಮಕ್ಕೆ ಮೊದಲೋ ನಂತರವೋ, ಪಾರ್ಕಿನ್ಸನ್ ರೋಗಿಯಾದರೆ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಯಿತು, ಅಳೆದವರು ಯಾರು. ಒಂಟಿಕಾಲು ಮತ್ತು ಒಂದರ ಹಿಂದೊಂದು ಪಾದದ ಸಾಲುಗಳ ಪಕ್ಕದಲ್ಲಿ ಯಾವ ಕಾಲು ಎಂದು ಬರೆಯುತ್ತೇನೆ. ನಿಯಮದಂತೆ ರೋಗಿ ಆರಿಸಿದ ಕಾಲಿನ ಅಂಕವನ್ನೇ ಒಟ್ಟಿಗೆ ಸೇರಿಸುತ್ತೇನೆ, ಇನ್ನೊಂದು ಕಾಲಿನದನ್ನು ಅಂಚಿನಲ್ಲಿ ಗುರುತು ಹಾಕುತ್ತೇನೆ. ಎರಡು ಅಂಕಗಳ ನಡುವೆ ಅನುಮಾನ ಬಂದರೆ ಕಡಿಮೆಯದನ್ನೇ ಕೊಡಬೇಕು ಎಂಬ ಸೂಚನೆಯನ್ನು ಬಿಡದೆ ಪಾಲಿಸುತ್ತೇನೆ. ಇದಕ್ಕೆಲ್ಲ ಹೆಚ್ಚುವರಿ ಬೇಕಾಗುವುದು ಎರಡು ನಿಮಿಷ.

ಬಿದ್ದಿದ್ದ ಆ ರೋಗಿಯನ್ನು, ಅವರು ಮತ್ತೆ ಧೈರ್ಯ ಮಾಡಿದ ಮೇಲೆ, ನನ್ನ ಸಹೋದ್ಯೋಗಿಯೂ ನಾನೂ ಒಂದೇ ಕುರ್ಚಿಯಲ್ಲಿ, ಒಂದೇ ಹೊತ್ತಿನಲ್ಲಿ ಅಳೆದೆವು. ಬರ್ಗ್ 46, ಗಟ್ಟಿಯಾದ ಕಾಲಿನ ಮೇಲೆ. ಮಿನಿ-ಬೆಸ್ಟೆಸ್ಟ್ 11, ಹಿಂದಕ್ಕೆ ಒರಗಿಸಿ ಕೈ ತೆಗೆದಾಗ ಹೆಜ್ಜೆಯೇ ಬರಲಿಲ್ಲ. ವಾಕರ್ ಮತ್ತೆ ಕೊಟ್ಟು, ಆರು ವಾರ ಹೆಚ್ಚಿನ ಸಮಯವನ್ನು ಹಿಂದಕ್ಕೆ ಮತ್ತು ಪಕ್ಕಕ್ಕೆ ಹೆಜ್ಜೆ ಇಡಿಸುವುದಕ್ಕೇ ಮೀಸಲಿಟ್ಟೆವು. ಆರು ವಾರದ ಕೊನೆಗೆ ಬರ್ಗ್ 49, ಅಂದರೆ 3 ಅಂಕದ ಏರಿಕೆ, ಅದರಿಂದ ಏನನ್ನೂ ಹೇಳುವಂತಿರಲಿಲ್ಲ. ಮಿನಿ-ಬೆಸ್ಟೆಸ್ಟ್ 17ಕ್ಕೆ ಬಂದಿತ್ತು. ಕೈ ತೆಗೆದಾಗ ಅವರು ಎರಡು ಹೆಜ್ಜೆ ಹಿಂದಿಟ್ಟು, ನನ್ನನ್ನು ಹಿಡಿಯದೆ, ತಾವಾಗಿ ನಿಂತರು. ಅಂದು ವಾಕರನ್ನು ಬದಿಗಿಟ್ಟು ಊರುಗೋಲು ಕೊಟ್ಟೆವು.